ಜ್ವಾಲಾಮುಖಿಯ ನೆಲ, ಪುಯೆಬ್ಲೊ ಪೂರ್ವಿಕರ ಊರು: ಅರಿಜೋನಾಗೆ ಹೋಗಬೇಕೋ, ನ್ಯೂ ಮೆಕ್ಸಿಕೋಗೋ?

ಅಮೆರಿಕದ ನೈಋತ್ಯ ಭಾಗಕ್ಕೆ ಹೋಗುವವರಲ್ಲಿ ಹೆಚ್ಚಿನವರು ಗ್ರ್ಯಾಂಡ್ ಕ್ಯಾನ್ಯನ್ ನೋಡುತ್ತಾರೆ, ಬಿಡುವಿದ್ದರೆ ಕೊಲರಾಡೊದ ಮೀಸಾ ವರ್ಡೆಗೂ ಹೋಗಿ ಬರುತ್ತಾರೆ. ಎರಡೂ ನೋಡಲೇಬೇಕಾದ ಸ್ಥಳಗಳು. ಆದರೆ ಜ್ವಾಲಾಮುಖಿಯ ನೆಲವನ್ನೂ ಪುಯೆಬ್ಲೊ (ಈ ಭಾಗದ ಮೂಲನಿವಾಸಿ ಸಮುದಾಯಗಳು; ಅವರ ಊರಿಗೂ ಇದೇ ಹೆಸರು) ಪೂರ್ವಿಕರು ಕಟ್ಟಿದ ಊರುಗಳನ್ನೂ ಒಟ್ಟಿಗೆ ನೋಡಬೇಕೆಂಬ ಆಸೆಯಿದ್ದರೆ ಮೀಸಾ ವರ್ಡೆ ಅದಕ್ಕೆ ತಕ್ಕದ್ದಲ್ಲ. ಅಲ್ಲಿಯ ಹೆಸರಾಂತ ಮನೆಗಳು ಇರುವುದು ಮರಳುಗಲ್ಲಿನ ಪೊಟರೆಗಳಲ್ಲಿ. ಲಾವಾ ಹರಿದ, ಬೂದಿ ಸುರಿದ ನೆಲದ ಮೇಲೆ ಮನುಷ್ಯರು ಬದುಕು ಕಟ್ಟಿದ ಜಾಗಗಳು ಬೇರೆಯೇ ಇವೆ. ಅವು ಅರಿಜೋನಾದ ಫ್ಲಾಗ್‌ಸ್ಟಾಫ್‌ನಿಂದ ನ್ಯೂ ಮೆಕ್ಸಿಕೋದ ಸಾಂಟಾ ಫೆವರೆಗೆ ಹರಡಿಕೊಂಡಿವೆ.

ನ್ಯಾಷನಲ್ ಪಾರ್ಕ್‌ಗಳ ಪಟ್ಟಿಯಲ್ಲಿ ಹುಡುಕಿದರೆ ಇವು ಸಿಗುವುದಿಲ್ಲ. ವಾಯೆಸ್ ಕಾಲ್ಡೇರಾ ಒಂದು ‘ನ್ಯಾಷನಲ್ ಪ್ರಿಸರ್ವ್’, ಉಳಿದವೆಲ್ಲ ‘ನ್ಯಾಷನಲ್ ಮಾನ್ಯುಮೆಂಟ್’ ಎಂಬ ವರ್ಗಕ್ಕೆ ಸೇರಿದವು. ನೋಡಿಕೊಳ್ಳುವುದು ಮಾತ್ರ ಅದೇ ನ್ಯಾಷನಲ್ ಪಾರ್ಕ್ ಸರ್ವಿಸ್. ಅದೇ ರೇಂಜರ್‌ಗಳು, ಅದೇ ವಾರ್ಷಿಕ ಪಾಸ್. ದೊಡ್ಡ ಹೆಸರು ಇಲ್ಲದಿರುವುದು ನಮಗೆ ಲಾಭವೇ. ಗ್ರ್ಯಾಂಡ್ ಕ್ಯಾನ್ಯನ್‌ನ ದಕ್ಷಿಣ ಅಂಚಿನಲ್ಲಿ ಗಾಡಿ ನಿಲ್ಲಿಸಲು ಜಾಗ ಹುಡುಕುವ ಹೊತ್ತಿಗೆ ಇಲ್ಲಿ ಎಂಟು ನೂರು ವರ್ಷ ಹಳೆಯ ಊರೊಂದನ್ನು ಸಾವಕಾಶವಾಗಿ ಸುತ್ತಿ ಮುಗಿಸಬಹುದು.

ನಾಲ್ಕು ಆಯ್ಕೆಗಳಿವೆ. ಮೊದಲನೆಯದು ಫ್ಲಾಗ್‌ಸ್ಟಾಫ್ ಬಳಿಯ ಸನ್‌ಸೆಟ್ ಕ್ರೇಟರ್ ಮತ್ತು ವುಪಾಟ್ಕಿ. ಎರಡನೆಯದು ಲಾಸ್ ಅಲಾಮೋಸ್ ಬಳಿಯ ಬ್ಯಾಂಡೆಲಿಯರ್, ಅದಕ್ಕೆ ಅಂಟಿಕೊಂಡಂತೆ ಇರುವ ವಾಯೆಸ್ ಕಾಲ್ಡೇರಾ. ಮೂರನೆಯದು ಗ್ರಾಂಟ್ಸ್ ಊರಿನ ಸುತ್ತಲಿನ ಎಲ್ ಮಾಲ್‌ಪೈಸ್ ಮತ್ತು ಎಲ್ ಮೊರೊ. ನಾಲ್ಕನೆಯದು ಆಲ್ಬುಕರ್ಕಿ ನಗರದ ಅಂಚಿನಲ್ಲೇ ಇರುವ ಪೆಟ್ರೊಗ್ಲಿಫ್. ಇವುಗಳಲ್ಲಿ ಆರಿಸುವಾಗ ಜನರು ದೂರ, ದರ, ಫೋಟೊ ಇವನ್ನೇ ನೋಡುತ್ತಾರೆ. ನಾನು ಮೊದಲು ಕೇಳುವ ಪ್ರಶ್ನೆ ಬೇರೆ: ಜ್ವಾಲಾಮುಖಿಗೂ ಜನರಿಗೂ ಅಲ್ಲಿ ಇದ್ದ ನಂಟು ಎಂಥದು? ಒಂದು ಕಡೆ ಜನರು ಸ್ಫೋಟವನ್ನು ಕಣ್ಣಾರೆ ಕಂಡು ಮನೆ ಬಿಟ್ಟು ಓಡಿದರು. ಇನ್ನೊಂದು ಕಡೆ ಲಕ್ಷಾಂತರ ವರ್ಷ ಹಳೆಯ ಬೂದಿಯನ್ನೇ ಕೊರೆದು ಕೋಣೆ ಮಾಡಿಕೊಂಡರು. ಮತ್ತೊಂದು ಕಡೆ ಲಾವಾದ ಮೇಲೆ ದಾರಿ ಮಾಡಿದರು, ನಗರದ ಪಕ್ಕದಲ್ಲಿ ಅದೇ ಲಾವಾಬಂಡೆಯ ಮೇಲೆ ಚಿತ್ರ ಕೆತ್ತಿದರು. ಈ ನಾಲ್ಕರಲ್ಲಿ ನಿಮ್ಮ ಮನಸ್ಸು ಯಾವುದರ ಕಡೆಗೆ ವಾಲುತ್ತದೋ ಅಲ್ಲಿಗೆ ಹೋಗಿ. ಒಂದೇ ವಾರಾಂತ್ಯದಲ್ಲಿ ನಾಲ್ಕನ್ನೂ ಮುಗಿಸುವ ಹುಚ್ಚಿಗೆ ಮಾತ್ರ ಬೀಳಬೇಡಿ.

ಫ್ಲಾಗ್‌ಸ್ಟಾಫ್: ಜನರು ಕಣ್ಣಾರೆ ಕಂಡ ಜ್ವಾಲಾಮುಖಿ

ಫ್ಲಾಗ್‌ಸ್ಟಾಫ್‌ನ ಸುತ್ತ ಸುಮಾರು 600 ಜ್ವಾಲಾಮುಖಿಗಳಿವೆ. ಹೆಚ್ಚಿನವು ಹುಲ್ಲು ಬೆಳೆದ ಗುಡ್ಡಗಳಂತೆ ಕಾಣುತ್ತವೆ, ಯಾರಾದರೂ ಹೇಳದಿದ್ದರೆ ಗೊತ್ತೇ ಆಗುವುದಿಲ್ಲ. ಅವುಗಳಲ್ಲೆಲ್ಲ ಎಳೆಯದು ಸನ್‌ಸೆಟ್ ಕ್ರೇಟರ್. 1085ರ ಆಸುಪಾಸಿನಲ್ಲಿ ನೆಲ ಬಿರಿದು, ಕೆಂಡದ ಹರಳುಗಳು ಮೇಲಕ್ಕೆ ಚಿಮ್ಮಿ, ಸುತ್ತಲೂ ಬಿದ್ದು ರಾಶಿಯಾಗಿ, ಸುಮಾರು ಸಾವಿರ ಅಡಿ ಎತ್ತರದ ಕರಿಯ ಶಂಕುವೊಂದು ಎದ್ದಿತು. ತುದಿಯ ಹತ್ತಿರ ಕಬ್ಬಿಣದ ಅಂಶ ಆಕ್ಸಿಡೀಕರಣಗೊಂಡು ಕೆಂಪು, ಹಳದಿ ಬಣ್ಣ ಬಂದಿದೆ. ಸಂಜೆಯ ಬಿಸಿಲು ಅಡ್ಡಲಾಗಿ ಬಿದ್ದಾಗ ಕೆಳಗಿನ ಮುಕ್ಕಾಲು ಭಾಗ ಕಪ್ಪಾಗಿಯೇ ಉಳಿದು ತುದಿ ಮಾತ್ರ ಹೊಳೆಯುತ್ತದೆ.

ಈ ಸ್ಫೋಟ ನಡೆದಾಗ ಅಲ್ಲಿ ಜನರಿದ್ದರು. ತಗ್ಗಿನಲ್ಲಿ ಗುಂಡಿ ತೋಡಿ ಮೇಲೆ ಮರದ ಮಾಡು ಹಾಕಿದ ಮನೆಗಳಲ್ಲಿ ವಾಸ, ಜೋಳದ ಬೇಸಾಯ. ನಮ್ಮ ಬಿಳಿಜೋಳವಲ್ಲ, ಮೆಕ್ಕೆಜೋಳ. ಬೂದಿ ಮತ್ತು ಹರಳು ಬಿದ್ದು ಹತ್ತಿರದ ಹೊಲಗಳು ಮುಚ್ಚಿಹೋದವು, ಮನೆಗಳು ಹೂತುಹೋದವು. ಪುರಾತತ್ವಜ್ಞರಿಗೆ ಇಲ್ಲಿ ಸಿಕ್ಕಿದ ಒಂದು ವಸ್ತು ನನ್ನನ್ನು ಬಹಳ ಕಾಡಿದೆ: ಮೆಕ್ಕೆಜೋಳದ ತೆನೆಯ ಅಚ್ಚು ಮೂಡಿರುವ ಲಾವಾ ಕಲ್ಲುಗಳು. ಕಾಳಿನ ಸಾಲು ಸಾಲು ಗುರುತು ಆ ಕರಿಯ ಕಲ್ಲಿನಲ್ಲಿ ಸ್ಪಷ್ಟವಾಗಿ ಉಳಿದಿದೆ. ಇನ್ನೂ ಕುದಿಯುತ್ತಿದ್ದ ಲಾವಾ ಸಿಡಿಯುವ ಬಾಯಿಯ ಹತ್ತಿರ ಯಾರೋ ಹೋಗಿ ತೆನೆ ಇಟ್ಟಿದ್ದಾರೆ. ಸಿಡಿದ ಲಾವಾ ಅದರ ಸುತ್ತ ಗಟ್ಟಿಯಾಗಿದೆ. ಆಮೇಲೆ ಆ ಕಲ್ಲನ್ನು ಎತ್ತಿಕೊಂಡು ಕೆಲವು ಮೈಲಿಯಾಚೆಯ ಮನೆಗೆ ಒಯ್ದಿದ್ದಾರೆ. ಅದು ಕಾಣಿಕೆಯೋ ಪ್ರಾರ್ಥನೆಯೋ ಎಂದು ಹೇಳಬಲ್ಲವರು ಯಾರೂ ಇಲ್ಲ. ಆದರೆ ಆ ಬೆಂಕಿಯ ಎದುರು ಒಬ್ಬ ರೈತ ನಿಂತಿದ್ದನೆಂಬುದಕ್ಕೆ ಅದಕ್ಕಿಂತ ಬೇರೆ ಸಾಕ್ಷಿ ಬೇಡ.

ಓಡಿದವರು ಬಹಳ ದೂರ ಹೋಗಲಿಲ್ಲ. ತಗ್ಗಿನ, ಬಿಸಿಲು ಹೆಚ್ಚಾದ ವುಪಾಟ್ಕಿ ಪ್ರದೇಶದಲ್ಲಿ ಮುಂದಿನ ನೂರು ವರ್ಷಗಳಲ್ಲಿ ಊರುಗಳು ಹೆಚ್ಚಿದವು. ತೆಳುವಾಗಿ ಹರಡಿದ ಹರಳಿನ ಪದರ ಮಣ್ಣಿನ ತೇವ ಆರದಂತೆ ತಡೆದು ಒಣ ಬೇಸಾಯಕ್ಕೆ ನೆರವಾಯಿತು ಎಂಬ ವಿವರಣೆ ಹಿಂದಿನಿಂದ ಇದೆ. ಆ ದಶಕಗಳಲ್ಲಿ ಮಳೆಯೂ ಚೆನ್ನಾಗಿತ್ತು, ಹಾಗಾಗಿ ಯಶಸ್ಸೆಲ್ಲ ಬೂದಿಯದೇ ಎನ್ನುವಂತಿಲ್ಲ ಎಂದು ವಾದಿಸುವ ವಿದ್ವಾಂಸರೂ ಇದ್ದಾರೆ. ಎರಡೂ ಸೇರಿಯೇ ಕೆಲಸ ಮಾಡಿರಬೇಕು ಎಂದು ನನಗೆ ತೋರುತ್ತದೆ.

ವುಪಾಟ್ಕಿಯ ದೊಡ್ಡ ಮನೆ ಸುಮಾರು ನೂರು ಕೋಣೆಗಳ ಕಟ್ಟಡ. ಕೆಂಪು ಮರಳುಗಲ್ಲಿನ ಹಲಗೆಗಳನ್ನು ಮಣ್ಣಿನ ಗಾರೆಯಲ್ಲಿ ಕೂರಿಸಿ, ಅಲ್ಲೇ ಇದ್ದ ಬಂಡೆಯನ್ನೇ ಗೋಡೆಯ ಭಾಗವಾಗಿ ಬಳಸಿಕೊಂಡು ಎತ್ತಿದ್ದಾರೆ. ಉತ್ಖನನದಲ್ಲಿ ಕಡಲ ಚಿಪ್ಪು, ತಾಮ್ರದ ಗೆಜ್ಜೆ, ದೂರದ ದಕ್ಷಿಣದಿಂದ ತಂದ ಕೆಂಪು ಮಕಾ ಗಿಳಿಗಳ ಮೂಳೆ ಸಿಕ್ಕಿವೆ. ಅಂದರೆ ಇದು ಮೂಲೆಯ ಹಳ್ಳಿಯಲ್ಲ, ಸರಕು ಬಂದು ಹೋಗುತ್ತಿದ್ದ ಊರು. ಕೆಳಗೆ ಗೋಡೆ ಕಟ್ಟಿದ ಚೆಂಡಾಟದ ಅಂಗಣವಿದೆ, ಅದರ ಪಕ್ಕದಲ್ಲಿ ನೆಲದಲ್ಲೊಂದು ಚಿಕ್ಕ ಕಂಡಿ. ಕೆಳಗಿನ ಸುಣ್ಣಕಲ್ಲಿನ ಬಿರುಕುಗಳಲ್ಲಿ ತುಂಬಿರುವ ಗಾಳಿ ವಾತಾವರಣದ ಒತ್ತಡಕ್ಕೆ ತಕ್ಕಂತೆ ಇಲ್ಲಿಂದ ಹೊರಗೆ ಬರುತ್ತದೆ, ಇಲ್ಲವೇ ಒಳಗೆ ಹೋಗುತ್ತದೆ. ಬೇಸಿಗೆಯ ಮಧ್ಯಾಹ್ನ ಅದರ ಮೇಲೆ ಮುಖ ಬಗ್ಗಿಸಿದರೆ ನೆಲದೊಳಗಿನ ತಂಪು ಗಾಳಿ ರಭಸದಿಂದ ಮುಖಕ್ಕೆ ಹೊಡೆಯುತ್ತದೆ. ಮಕ್ಕಳು ಅಲ್ಲಿಂದ ಏಳಲು ಒಪ್ಪುವುದಿಲ್ಲ. ಈ ಜನರ ವಂಶಸ್ಥರು ತಾವೆಂದು ಹೋಪಿ ಜನರು ಹೇಳುತ್ತಾರೆ, ಈ ಊರುಗಳು ಅವರಿಗೆ ಇಂದಿಗೂ ಪೂರ್ವಿಕರು ಇರುವ ತಾಣ. ಆಮೇಲಿನ ಕಾಲದಲ್ಲಿ ನವಾಹೊ ಎಂಬ ಇನ್ನೊಂದು ಮೂಲನಿವಾಸಿ ಸಮುದಾಯದ ಕುಟುಂಬಗಳೂ ಇದೇ ನೆಲದಲ್ಲಿ ಕುರಿ ಮೇಯಿಸಿಕೊಂಡು ಬದುಕಿವೆ.

ಎರಡನ್ನೂ ಜೋಡಿಸುವ ಸುತ್ತುರಸ್ತೆ ಸುಮಾರು 35 ಮೈಲಿ. ಪೈನ್ ಕಾಡಿನಿಂದ ಹೊರಟು, ಕರಿಯ ಲಾವಾ ದಾಟಿ, ಕೆಂಪು ಮರುಭೂಮಿಗೆ ಇಳಿದು, ಮತ್ತೆ 89ನೇ ಹೆದ್ದಾರಿಗೆ ಸೇರುತ್ತದೆ. ಒಂದು ಗಾಡಿಗೆ 25 ಡಾಲರ್ ಕೊಟ್ಟರೆ ಎರಡೂ ಮಾನ್ಯುಮೆಂಟ್‌ಗಳಿಗೆ ಏಳು ದಿನ ಪ್ರವೇಶ. ಸನ್‌ಸೆಟ್ ಕ್ರೇಟರ್‌ನ ಶಂಕುವನ್ನು ಹತ್ತಲು 1973ರಿಂದ ಅನುಮತಿ ಇಲ್ಲ, ಹೆಜ್ಜೆ ಬಿದ್ದಲ್ಲೆಲ್ಲ ಹರಳು ಜಾರಿ ಗಾಯದಂಥ ಗೆರೆಗಳು ಬಿದ್ದಿದ್ದವು. ಹತ್ತಲೇಬೇಕೆನ್ನುವವರಿಗೆ ಪಕ್ಕದ ಲೆನಾಕ್ಸ್ ಕ್ರೇಟರ್ ಇದೆ. ಬುಡದಲ್ಲಿರುವ ಒಂದು ಮೈಲಿಯ ಲಾವಾ ಹಾದಿಯೇ ಸಾಕು ಎನ್ನುವುದು ನನ್ನ ಅಭಿಪ್ರಾಯ. ಕಿಟ್ಟದಂಥ ಚೂಪು ಲಾವಾ ಹರಿವು ಅಲ್ಲಿ ಕಾಲಿನ ಪಕ್ಕದಲ್ಲೇ ಇದೆ. ಚಂದ್ರನ ಮೇಲೆ ಇಳಿಯುವ ಮೊದಲು ಅಪೊಲೊ ಯಾತ್ರಿಗಳಿಗೆ ತರಬೇತಿ ಕೊಟ್ಟದ್ದು ಇದೇ ಸುತ್ತಿನ ಹರಳಿನ ಬಯಲುಗಳಲ್ಲಿ.

ಇನ್ನೊಂದು ಸಂಗತಿ ಹೇಳಲೇಬೇಕು. 1928ರಲ್ಲಿ ಹಾಲಿವುಡ್‌ನ ಕಂಪನಿಯೊಂದು ಭೂಕುಸಿತದ ದೃಶ್ಯಕ್ಕಾಗಿ ಈ ಜ್ವಾಲಾಮುಖಿಯ ಒಂದು ಮಗ್ಗುಲನ್ನು ಸಿಡಿಮದ್ದು ಇಟ್ಟು ಉರುಳಿಸಲು ಹೊರಟಿತ್ತು. ಫ್ಲಾಗ್‌ಸ್ಟಾಫ್ ಜನರು ಗಲಾಟೆ ಎಬ್ಬಿಸಿ ತಡೆದರು, 1930ರಲ್ಲಿ ಅಧ್ಯಕ್ಷ ಹೂವರ್ ಇದನ್ನು ರಕ್ಷಿತ ಸ್ಥಳವೆಂದು ಘೋಷಿಸಿದರು. ಊರಿನವರು ದನಿ ಎತ್ತದಿದ್ದರೆ ನಾವು ಇಂದು ನೋಡುವುದು ಅರ್ಧ ಗುಡ್ಡವನ್ನೇ.

ಬ್ಯಾಂಡೆಲಿಯರ್: ಬೂದಿಯನ್ನು ಕೊರೆದು ಮಾಡಿದ ಕೋಣೆಗಳು

ನ್ಯೂ ಮೆಕ್ಸಿಕೋದ ಹೆಮೆಜ್ ಬೆಟ್ಟಗಳಲ್ಲಿ ನಡೆದದ್ದು ಬೇರೆ ಪ್ರಮಾಣದ ಘಟನೆ. ಸುಮಾರು 16 ಲಕ್ಷ ವರ್ಷಗಳ ಹಿಂದೆ ಒಮ್ಮೆ, ಸುಮಾರು 12 ಲಕ್ಷ ವರ್ಷಗಳ ಹಿಂದೆ ಇನ್ನೊಮ್ಮೆ ಭಾರೀ ಸ್ಫೋಟಗಳಾದವು. ಎರಡನೆಯದರ ನಂತರ ಬೆಟ್ಟ ತನ್ನೊಳಗೇ ಕುಸಿದು ಹದಿಮೂರು ಮೈಲಿ ಅಗಲದ ಬೋಗುಣಿಯಾಯಿತು, ಅದೇ ವಾಯೆಸ್ ಕಾಲ್ಡೇರಾ. ಹೊರಚೆಲ್ಲಿದ ಬಿಸಿ ಬೂದಿ ನೂರಾರು ಅಡಿ ದಪ್ಪ ಕೂತು ಟಫ್ ಎಂಬ ಮೆದು ಕಲ್ಲಾಯಿತು. ಆ ಬೂದಿಗಲ್ಲನ್ನು ಹಳ್ಳಗಳು ಕೊರೆದು ಕಣಿವೆಗಳಾದವು. ಅಂಥ ಒಂದು ಕಣಿವೆ ಫ್ರಿಹೋಲೆಸ್. ಅದರೊಳಗೆ 1150ರಿಂದ 1550ರ ನಡುವೆ ಪುಯೆಬ್ಲೊ ಜನರು ಬಾಳಿದರು.

ಇಲ್ಲಿ ಜನರು ಜ್ವಾಲಾಮುಖಿಯನ್ನು ನೋಡಲಿಲ್ಲ, ಅದರ ಹೊಟ್ಟೆಯೊಳಗೆ ಮನೆ ಮಾಡಿದರು. ಬಂಡೆಯಲ್ಲಿ ತಾನಾಗಿಯೇ ಆದ ಪೊಟರೆಗಳನ್ನು ಕಲ್ಲಿನ ಉಪಕರಣಗಳಿಂದ ಹೆರೆದು ದೊಡ್ಡದು ಮಾಡಿದ್ದಾರೆ. ಸಣ್ಣ ಏಣಿ ಹತ್ತಿ ಒಳಗೆ ಕೂತು ಮೇಲೆ ನೋಡಿದರೆ ಛಾವಣಿ ಕರ್ರಗೆ ಮಸಿ ಹಿಡಿದಿದೆ. ಅದು ಅಡುಗೆಯ ಹೊಗೆ ಮಾತ್ರವಲ್ಲ. ಬೂದಿಗಲ್ಲು ಪುಡಿಪುಡಿಯಾಗಿ ತಲೆಯ ಮೇಲೆ ಉದುರದಂತೆ ಬೇಕೆಂದೇ ಹೊಗೆ ಹಾಕಿ ಮಸಿ ಕಟ್ಟಿಸುತ್ತಿದ್ದರು. ಗೋಡೆಯ ಕೆಳಭಾಗಕ್ಕೆ ಮಣ್ಣು ಮೆತ್ತುತ್ತಿದ್ದರು. ಹೊರಗೆ ಬಂದು ಬಂಡೆಯ ಮುಖವನ್ನು ನೋಡಿದರೆ ಸಾಲಾಗಿ ಗುಂಡನೆಯ ತೂತುಗಳು ಕಾಣುತ್ತವೆ. ಅವು ತೊಲೆ ಸಿಕ್ಕಿಸಿದ ಗುರುತು. ಮೂರು ಸಾಲು ತೂತು ಇದ್ದರೆ ಅಲ್ಲಿ ಮೂರು ಅಂತಸ್ತಿನ ಮನೆ ನಿಂತಿತ್ತೆಂದು ಅರ್ಥ. ಲಾಂಗ್ ಹೌಸ್ ಎಂದು ಕರೆಯುವ ಭಾಗದಲ್ಲಿ ಇಂಥ ಸಾಲು ಸುಮಾರು 800 ಅಡಿ ಉದ್ದಕ್ಕೆ ಹೋಗುತ್ತದೆ. ಈ ತೂತುಗಳನ್ನು ಎಣಿಸುತ್ತಾ ಬಿದ್ದುಹೋದ ಊರನ್ನು ಮನಸ್ಸಿನಲ್ಲೇ ಮತ್ತೆ ಕಟ್ಟುವುದು ಬ್ಯಾಂಡೆಲಿಯರ್‌ನಲ್ಲಿ ನನಗೆ ಎಲ್ಲಕ್ಕಿಂತ ಇಷ್ಟವಾದ ಕೆಲಸ.

ಕಣಿವೆಯ ತಳದಲ್ಲಿ ದುಂಡಾಗಿ ಕಟ್ಟಿದ ತ್ಯುಒನ್ಯಿ ಊರಿನ ಬುನಾದಿ ಇದೆ, ಸುಮಾರು 400 ಕೋಣೆಗಳದ್ದು. ಅಲ್ಲಿಂದ ಮುಂದೆ ಹಳ್ಳದ ದಂಡೆಯಲ್ಲೇ ನಡೆದು ಹೋದರೆ ಅಲ್ಕೋವ್ ಹೌಸ್. ಕಣಿವೆಯ ನೆಲದಿಂದ 140 ಅಡಿ ಮೇಲಿರುವ ಪೊಟರೆ, ಹತ್ತಲು ನಾಲ್ಕು ಮರದ ಏಣಿಗಳು, ನಡುವೆ ಬಂಡೆಯ ಮೆಟ್ಟಿಲು. ಎತ್ತರದ ಭಯವಿರುವವರು, ಮಂಡಿ ನೋವಿನವರು, ಕಂಕುಳಲ್ಲಿ ಮಗು ಇರುವವರು ಕೆಳಗೇ ಉಳಿಯುವುದು ಒಳ್ಳೆಯದು. ಹತ್ತುವಾಗ ಧೈರ್ಯವಿದ್ದವರಿಗೂ ಇಳಿಯುವಾಗ ಕಾಲು ನಡುಗುವುದನ್ನು ನೋಡಿದ್ದೇನೆ. ಹತ್ತದಿದ್ದರೆ ನಷ್ಟವೇನೂ ಇಲ್ಲ. ಮುಖ್ಯ ಹಾದಿಯಲ್ಲೇ ಏಣಿ ಹತ್ತಿ ಒಳಹೊಕ್ಕು ನೋಡುವ ಕೋಣೆಗಳು ಸಾಕಷ್ಟಿವೆ.

ಹೆಚ್ಚಿನವರು ಬಿಟ್ಟು ಬರುವ, ಬಿಡಬಾರದ ಭಾಗ ಒಂದಿದೆ: ತ್ಸಾಂಕಾವಿ. ಮುಖ್ಯ ಕಣಿವೆಯಿಂದ ಸುಮಾರು ಹನ್ನೆರಡು ಮೈಲಿ ದೂರ, ಬೇರೆಯೇ ತುಂಡು. ಒಂದೂವರೆ ಮೈಲಿಯ ಸುತ್ತು ಹಾದಿ. ಅಲ್ಲಿ ನೀವು ನಡೆಯುವುದು ಪೂರ್ವಿಕರು ನಡೆದ ಅದೇ ಕಾಲುದಾರಿಯಲ್ಲಿ. ತಲೆಮಾರುಗಟ್ಟಲೆ ಪಾದಗಳು ಸವೆಸಿ ಸವೆಸಿ ಬೂದಿಗಲ್ಲಿನಲ್ಲಿ ದಾರಿ ಕಾಲುವೆಯಾಗಿದೆ, ಕೆಲವು ಕಡೆ ಮಂಡಿಯವರೆಗೆ, ಕೆಲವು ಕಡೆ ಅದಕ್ಕೂ ಆಳ. ಎಷ್ಟು ಇಕ್ಕಟ್ಟೆಂದರೆ ಒಂದು ಪಾದದ ಮುಂದೆ ಇನ್ನೊಂದನ್ನು ಇಟ್ಟೇ ಹೋಗಬೇಕು. ಗೋಡೆ, ಮಡಕೆಚೂರು, ಫಲಕ ಯಾವುದೂ ಹೇಳದ ಮಾತನ್ನು ಈ ದಾರಿ ಕಾಲಿಗೆ ನೇರವಾಗಿ ಹೇಳುತ್ತದೆ. ತ್ಸಾಂಕಾವಿಯ ಜನರ ವಂಶಸ್ಥರು ಹತ್ತಿರದ ಸಾನ್ ಇಲ್‌ಡಿಫಾನ್ಸೊ ಪುಯೆಬ್ಲೊದಲ್ಲಿ ಇದ್ದಾರೆ. ಫ್ರಿಹೋಲೆಸ್ ಕಣಿವೆಯೊಂದಿಗೆ ಕೋಚಿತಿ ಪುಯೆಬ್ಲೊದವರ ನಂಟು ಗಟ್ಟಿ. ಈ ಸ್ಥಳಕ್ಕೆ ಯಾರ ಹೆಸರು ಬಂದಿದೆಯೋ ಆ ವಿದ್ವಾಂಸ ಅಡಾಲ್ಫ್ ಬ್ಯಾಂಡೆಲಿಯರ್‌ನನ್ನು 1880ರಲ್ಲಿ ಇಲ್ಲಿಗೆ ಕರೆತಂದವರೂ ಕೋಚಿತಿಯವರೇ. ದಾರಿ ತೋರಿಸಿದವರ ಹೆಸರು ಉಳಿಯಲಿಲ್ಲ, ನೋಡಲು ಬಂದವನ ಹೆಸರು ಉಳಿಯಿತು ಎಂಬುದು ನನಗೆ ಇಂದಿಗೂ ಸರಿ ಕಾಣುವುದಿಲ್ಲ.

ವಾಯೆಸ್ ಕಾಲ್ಡೇರಾವನ್ನು ಬಿಟ್ಟರೆ ಬ್ಯಾಂಡೆಲಿಯರ್ ಅರ್ಧವೇ. ಲಾಸ್ ಅಲಾಮೋಸ್‌ನಿಂದ 4ನೇ ಹೆದ್ದಾರಿಯಲ್ಲಿ ಬೆಟ್ಟ ಹತ್ತಿ ತಿರುವೊಂದನ್ನು ದಾಟುತ್ತಲೇ ವಾಯೆ ಗ್ರಾಂಡೆ ಎಂಬ ವಿಶಾಲ ಹುಲ್ಲುಗಾವಲು ತೆರೆದುಕೊಳ್ಳುತ್ತದೆ. ಮೊದಲ ನೋಟಕ್ಕೆ ಅದು ಜ್ವಾಲಾಮುಖಿ ಎಂದು ನಂಬಲಾಗುವುದಿಲ್ಲ, ಬಾಯಿ ಅಷ್ಟು ದೊಡ್ಡದು. ದೂರದಲ್ಲಿ ಚುಕ್ಕಿಗಳಂತೆ ಕಾಣುವುದು ಎಲ್ಕ್ ಎಂಬ ದೊಡ್ಡ ಜಿಂಕೆಗಳ ಹಿಂಡು; ದುರ್ಬೀನು ಇದ್ದರೆ ತೆಗೆದುಕೊಂಡು ಹೋಗಿ. ಇಲ್ಲಿಯ ಅಬ್ಸಿಡಿಯನ್ ಗಾಜುಕಲ್ಲನ್ನು ಪೂರ್ವಿಕರು ಬಾಣದ ಮೊನೆಗಾಗಿ ದೂರದೂರಕ್ಕೆ ಒಯ್ಯುತ್ತಿದ್ದರು.

ವ್ಯವಸ್ಥೆಯ ವಿಷಯದಲ್ಲಿ ಬ್ಯಾಂಡೆಲಿಯರ್ ಸ್ವಲ್ಪ ಮುಂದಾಲೋಚನೆ ಬೇಡುತ್ತದೆ. ಸಾಮಾನ್ಯವಾಗಿ ಮೇ ಮಧ್ಯದಿಂದ ಅಕ್ಟೋಬರ್ ಮಧ್ಯದವರೆಗೆ ಹಗಲಿನ ಮುಖ್ಯ ಹೊತ್ತಿನಲ್ಲಿ ನಿಮ್ಮ ಗಾಡಿಯನ್ನು ಕಣಿವೆಗೆ ಬಿಡುವುದಿಲ್ಲ. ವೈಟ್ ರಾಕ್ ಊರಿನಲ್ಲಿ ನಿಲ್ಲಿಸಿ ಉಚಿತ ಬಸ್ ಹಿಡಿಯಬೇಕು. ಬೆಳಿಗ್ಗೆ ಒಂಬತ್ತಕ್ಕೆ ಮೊದಲೇ ತಲುಪಿದರೆ ನೇರವಾಗಿ ಒಳಗೆ ಹೋಗಬಹುದು, ನೆರಳೂ ಸಿಗುತ್ತದೆ. ಇಲ್ಲೂ ಗಾಡಿಗೆ 25 ಡಾಲರ್.

ಗ್ರಾಂಟ್ಸ್: ಲಾವಾದ ಮೇಲಿನ ದಾರಿ

ಆಲ್ಬುಕರ್ಕಿಯಿಂದ 40ನೇ ಅಂತರರಾಜ್ಯ ಹೆದ್ದಾರಿಯಲ್ಲಿ ಪಶ್ಚಿಮಕ್ಕೆ ಸುಮಾರು ಎಂಬತ್ತು ಮೈಲಿ ಹೋದರೆ ಗ್ರಾಂಟ್ಸ್. ಅದರ ದಕ್ಷಿಣಕ್ಕೆ ಎಲ್ ಮಾಲ್‌ಪೈಸ್‌ನ ಕರಿಯ ಲಾವಾ ಬಯಲು. ಇದರ ಕೊನೆಯ ಹರಿವು ನಡೆದದ್ದು ಮೂರರಿಂದ ನಾಲ್ಕು ಸಾವಿರ ವರ್ಷಗಳ ಹಿಂದೆ. ನವಾಹೊ ಕಥೆಯಲ್ಲಿ ಇದು ಅವಳಿ ವೀರರು ಕೊಂದ ದೈತ್ಯನ ಹೆಪ್ಪುಗಟ್ಟಿದ ರಕ್ತ. ಕಣ್ಣಿಗೆ ಕಾಣುವ ಕಟ್ಟಡ ಇಲ್ಲಿ ಹೆಚ್ಚಿಲ್ಲ, ಇರುವುದು ದಾರಿ. ಜೂನಿ ಮತ್ತು ಆಕೊಮಾ ಪುಯೆಬ್ಲೊಗಳ ನಡುವೆ ಓಡಾಡುತ್ತಿದ್ದವರು ಲಾವಾದ ಬಿರುಕುಗಳಿಗೆ ಕಲ್ಲು ತುಂಬಿ ಸೇತುವೆ ಮಾಡಿ, ಕಲ್ಲುಗುಪ್ಪೆ ಇಟ್ಟು ಗುರುತು ಮಾಡಿದ್ದಾರೆ. ಆ ಹಾದಿ ಒಂದು ದಿಕ್ಕಿಗೇ ಏಳೂವರೆ ಮೈಲಿ, ಒಂದು ಗುಪ್ಪೆಯಿಂದ ಮುಂದಿನ ಗುಪ್ಪೆಯನ್ನು ಹುಡುಕಿಕೊಂಡೇ ನಡೆಯಬೇಕು. ಅಭ್ಯಾಸವಿಲ್ಲದವರಿಗೆ ಇದು ಹೇಳಿದ್ದಲ್ಲ. ಲಾವಾ ಬೂಟಿನ ಅಟ್ಟೆಯನ್ನು ತಿನ್ನುತ್ತದೆ, ನೀರು ಎಲ್ಲೂ ಇಲ್ಲ. ಸುಮ್ಮನೆ ನೋಡುವವರಿಗೆ ಸ್ಯಾಂಡ್‌ಸ್ಟೋನ್ ಬ್ಲಫ್ಸ್ ಎಂಬ ದಿಣ್ಣೆಯಿಂದ ಇಡೀ ಲಾವಾ ಬಯಲು ಒಂದೇ ನೋಟಕ್ಕೆ ಸಿಗುತ್ತದೆ. ಲಾವಾ ಸುರಂಗಗಳಿಗೆ ಇಳಿಯಲು ಉಚಿತ ಪರವಾನಗಿ ಪಡೆಯಬೇಕು. ಟಾರ್ಚ್, ಹೆಲ್ಮೆಟ್ ಇಲ್ಲದೆ ಇಳಿಯುವ ಮಾತೇ ಬೇಡ.

ಇದಕ್ಕೆ ಜೊತೆಯಾಗಿ 53ನೇ ಹೆದ್ದಾರಿಯಲ್ಲಿ ಸುಮಾರು ನಲವತ್ತು ಮೈಲಿ ಆಚೆ ಎಲ್ ಮೊರೊ. ಇದು ಮರಳುಗಲ್ಲಿನ ಎತ್ತರದ ಗುಡ್ಡ, ಜ್ವಾಲಾಮುಖಿಯಲ್ಲ. ಬುಡದಲ್ಲಿ ಮಳೆ ಮತ್ತು ಹಿಮದ ನೀರು ನಿಲ್ಲುವ ಒಂದು ಕೊಳ. ಆ ಒಣ ನಾಡಿನಲ್ಲಿ ದಾರಿಹೋಕರೆಲ್ಲ ಈ ನೀರಿಗೆ ಬಂದರು, ಬಂದವರೆಲ್ಲ ಬಂಡೆಯ ಮೇಲೆ ಗುರುತು ಬಿಟ್ಟರು. ಪೂರ್ವಿಕರ ಕೆತ್ತನೆ, 1605ರಲ್ಲಿ ಸ್ಪ್ಯಾನಿಷ್ ಗವರ್ನರ್ ಹ್ವಾನ್ ದೆ ಓನ್ಯಾತೆ ಕೆತ್ತಿಸಿದ ಸ್ಪ್ಯಾನಿಷ್ ಸಾಲು, ಹತ್ತೊಂಬತ್ತನೇ ಶತಮಾನದ ಸೈನಿಕರ ಹೆಸರು, ಎಲ್ಲ ಒಂದೇ ಗೋಡೆಯಲ್ಲಿ. ಗುಡ್ಡದ ನೆತ್ತಿಯ ಮೇಲೆ ಜೂನಿ ಪೂರ್ವಿಕರ ಅತ್ಸಿನ್ನಾ ಊರು ಇದೆ. ಸುಮಾರು 875 ಕೋಣೆಗಳು, 1275ರಿಂದ 1350ರವರೆಗೆ ವಾಸ. ಬಹುಪಾಲು ಇನ್ನೂ ಮಣ್ಣಿನಡಿಯೇ ಇದೆ. ಎರಡು ಮೈಲಿಯ ಮೇಲಿನ ಹಾದಿಯಲ್ಲಿ ನಿಂತರೆ ಉತ್ತರಕ್ಕೆ ಜೂನಿ ಬೆಟ್ಟಸಾಲು, ಇನ್ನೊಂದು ಕಡೆ ಹಳೆಯ ಜ್ವಾಲಾಮುಖಿಗಳ ಸಾಲು. ಎರಡೂ ಸ್ಥಳಗಳಿಗೆ ಪ್ರವೇಶ ಶುಲ್ಕವಿಲ್ಲ.

ಆಲ್ಬುಕರ್ಕಿ: ಅರ್ಧ ದಿನ ಮಾತ್ರ ಇದ್ದರೆ

ವಿಮಾನಕ್ಕೆ ನಾಲ್ಕೈದು ಗಂಟೆ ಇದೆ ಎನ್ನುವವರಿಗೆ ಪೆಟ್ರೊಗ್ಲಿಫ್ ಮಾನ್ಯುಮೆಂಟ್. ನಗರದ ಪಶ್ಚಿಮಕ್ಕೆ 17 ಮೈಲಿ ಉದ್ದದ ಕರಿಯ ಬಂಡೆಗಳ ಅಂಚು, ಅದರ ಮೇಲೆ ಅಂದಾಜು 24,000 ಕೆತ್ತನೆಗಳು. ಹೆಚ್ಚಿನವು 1300ರಿಂದ 1680ರ ನಡುವಿನವು. ಬಂಡೆಯ ಹೊರಮೈಯ ಕಪ್ಪು ಪೊರೆಯನ್ನು ಕುಟ್ಟಿ ತೆಗೆದಾಗ ಒಳಗಿನ ತಿಳಿ ಬಣ್ಣ ಕಾಣುತ್ತದೆ, ಚಿತ್ರ ಮೂಡುವುದು ಹಾಗೆ. ರಿಂಕೊನಾಡಾ ಕಣಿವೆಯ ಹಾದಿ ನನಗೆ ಇಷ್ಟ. ಬೋಕಾ ನೇಗ್ರಾ ಮಕ್ಕಳಿಗೆ, ಹಿರಿಯರಿಗೆ ಸುಲಭ. ಊರುಗಳ ಗೋಡೆ ಇಲ್ಲಿ ನೋಡಲು ಸಿಗುವುದಿಲ್ಲ, ಹಾಗಾಗಿ ಉಳಿದ ಮೂರಕ್ಕೆ ಇದು ಬದಲಿಯಾಗಲಾರದು.

ಯಾರಿಗೆ ಯಾವುದು

ಫೀನಿಕ್ಸ್‌ನಲ್ಲಿರುವ ಕನ್ನಡಿಗರಿಗೆ ಉತ್ತರ ಸುಲಭ. ಫ್ಲಾಗ್‌ಸ್ಟಾಫ್ ಎರಡೂವರೆ ಗಂಟೆಯೊಳಗಿನ ದಾರಿ. ಊರಿನಿಂದ ತಂದೆತಾಯಿ ಬಂದಿದ್ದರೆ ಇನ್ನೂ ಸುಲಭ, ಏಕೆಂದರೆ ನಾಲ್ಕರಲ್ಲಿ ಹಿರಿಯರಿಗೆ ಹೆಚ್ಚು ಅನುಕೂಲವಾದದ್ದು ವುಪಾಟ್ಕಿ. ಗಾಡಿ ನಿಲ್ಲಿಸಿದ ಜಾಗದಿಂದಲೇ ದೊಡ್ಡ ಮನೆ ಕಾಣುತ್ತದೆ. ಸುತ್ತಿನ ವುಕೋಕಿ, ಲೊಮಾಕಿ ಊರುಗಳಿಗೂ ನಡೆಯಬೇಕಾದದ್ದು ಕಡಿಮೆ. ಏಣಿಗಳಿಲ್ಲ. ಹತ್ತಿರದ ವಾಲ್‌ನಟ್ ಕ್ಯಾನ್ಯನ್‌ನ ಬಂಡೆಮನೆಗಳೂ ಚೆಂದ, ಆದರೆ ಇನ್ನೂರಕ್ಕೂ ಹೆಚ್ಚು ಮೆಟ್ಟಿಲು ಇಳಿದು ಮತ್ತೆ ಅಷ್ಟೂ ಹತ್ತಬೇಕು. ಅದನ್ನು ಹಿರಿಯರು ಮೇಲಿನ ಅಂಚಿನಿಂದಲೇ ನೋಡಲಿ.

ಎಂಟು ಹತ್ತು ವರ್ಷ ದಾಟಿದ ಮಕ್ಕಳಿದ್ದರೆ ನನ್ನ ಮತ ಬ್ಯಾಂಡೆಲಿಯರ್‌ಗೆ. ಏಣಿ ಹತ್ತಿ ಮನೆಯೊಳಗೆ ಕೂರಲು ಬಿಡುವ ಪುರಾತನ ಸ್ಥಳಗಳು ಬಹಳ ಕಡಿಮೆ. ಟೆಕ್ಸಾಸ್‌ನಿಂದ ಬರುವವರಿಗೂ ಫ್ಲಾಗ್‌ಸ್ಟಾಫ್‌ಗಿಂತ ಇದೇ ಹತ್ತಿರ. ಗ್ರಾಂಟ್ಸ್ ಕಡೆಗೆ ನಾನು ಮೊದಲ ಸಲ ಬರುವವರನ್ನು ಕಳುಹಿಸುವುದಿಲ್ಲ. ಮೊದಲ ಎರಡನ್ನು ನೋಡಿ, ಗೋಡೆಗಳಿಲ್ಲದ ಜಾಗದಲ್ಲೂ ಜನರ ಸುಳಿವನ್ನು ಹುಡುಕುವ ಕಣ್ಣು ಬಂದ ಮೇಲೆ ಹೋದರೆ ಅಲ್ಲಿಯ ಮೌನಕ್ಕೆ ಅರ್ಥ ಬರುತ್ತದೆ. ಎರಡು ಸಮವಾಗಿ ತೂಗಿ ಒಂದನ್ನೇ ಹೇಳು ಎಂದರೆ ನಾನು ಫ್ಲಾಗ್‌ಸ್ಟಾಫ್ ಎನ್ನುತ್ತೇನೆ. ಸ್ಫೋಟ ಕಂಡ ಜನರು ಮತ್ತೆ ಮನೆ ಕಟ್ಟಿದ ಎರಡೂ ಅಧ್ಯಾಯಗಳು ಒಂದೇ ರಸ್ತೆಯ ಎರಡು ತುದಿಗಳಲ್ಲಿ ಇರುವುದು ಅಲ್ಲಿ ಮಾತ್ರ.

ಎತ್ತರವನ್ನು ಹಗುರವಾಗಿ ಎಣಿಸಬೇಡಿ. ಫ್ಲಾಗ್‌ಸ್ಟಾಫ್ ಊರೇ ಸುಮಾರು 7,000 ಅಡಿ, ಸನ್‌ಸೆಟ್ ಕ್ರೇಟರ್‌ನ ತುದಿ 8,000 ಅಡಿ ದಾಟುತ್ತದೆ, ವಾಯೆ ಗ್ರಾಂಡೆ ಅದಕ್ಕಿಂತ ಮೇಲೆ. ಮುಳ್ಳಯ್ಯನಗಿರಿಯ ನೆತ್ತಿಗಿಂತ ಎತ್ತರದಲ್ಲಿ ನಡೆಯುತ್ತಿದ್ದೇವೆ ಎಂದು ನೆನಪಿಟ್ಟರೆ ಅಪ್ಪ ಅಮ್ಮನನ್ನು ಅವಸರ ಮಾಡಿಸುವುದಿಲ್ಲ. ರಕ್ತದೊತ್ತಡ, ಹೃದಯದ ತೊಂದರೆ ಇರುವವರು ವೈದ್ಯರನ್ನು ಕೇಳಿಯೇ ಹೊರಡಲಿ. ಮೊದಲ ದಿನ ಓಡಾಟ ಕಡಿಮೆ ಇರಲಿ, ನೀರು ಹೆಚ್ಚು ಇರಲಿ. ಜುಲೈನಿಂದ ಸೆಪ್ಟೆಂಬರ್ ಮೊದಲ ಭಾಗದವರೆಗೆ ಮಧ್ಯಾಹ್ನ ಗುಡುಗು ಸಿಡಿಲಿನ ಮಳೆ ಬರುತ್ತದೆ, ಬಯಲು ದಿಣ್ಣೆಗಳ ಮೇಲೆ ಆ ಹೊತ್ತಿಗೆ ಇರಬಾರದು. ಚಳಿಗಾಲದಲ್ಲಿ ಹಿಮ. ಸೆಪ್ಟೆಂಬರ್ ಕೊನೆ ಮತ್ತು ಅಕ್ಟೋಬರ್ ನಾಲ್ಕೂ ಕಡೆಗೆ ಒಳ್ಳೆಯ ಕಾಲ. ಫ್ರಿಹೋಲೆಸ್ ಹಳ್ಳದ ಉದ್ದಕ್ಕೂ ಕಾಟನ್‌ವುಡ್ ಮರಗಳು ಆಗ ಹಳದಿ ತಿರುಗಿರುತ್ತವೆ.

ಖರ್ಚಿನ ವಿಷಯದಲ್ಲಿ ಒಂದು ಹೊಸ ಬದಲಾವಣೆ ಗಮನದಲ್ಲಿರಲಿ. 2026ರಿಂದ ಅಮೆರಿಕದ ನಿವಾಸಿಗಳಿಗೆ ವಾರ್ಷಿಕ ಪಾಸ್ 80 ಡಾಲರ್, ಹೊರದೇಶದವರಿಗೆ 250 ಡಾಲರ್. ಗ್ರ್ಯಾಂಡ್ ಕ್ಯಾನ್ಯನ್ ಸೇರಿ ಕೆಲವು ದೊಡ್ಡ ಪಾರ್ಕ್‌ಗಳಲ್ಲಿ ಹೊರದೇಶದವರಿಗೆ ತಲೆಗೆ 100 ಡಾಲರ್ ಹೆಚ್ಚುವರಿ ಶುಲ್ಕವನ್ನೂ ಇಟ್ಟಿದ್ದಾರೆ. ಇಲ್ಲಿ ಹೇಳಿದ ಮಾನ್ಯುಮೆಂಟ್‌ಗಳು ಆ ಪಟ್ಟಿಯಲ್ಲಿ ಇಲ್ಲ. ಪ್ರವಾಸಿ ವೀಸಾದಲ್ಲಿ ಬಂದ ಹಿರಿಯರೊಂದಿಗೆ ಹೊರಡುವವರು ಈ ಲೆಕ್ಕ ಹಾಕಿಯೇ ಯೋಜನೆ ಮಾಡಲಿ.

ಊಟಕ್ಕೆ ಬುತ್ತಿಯೇ ಸರಿ. ಚಿತ್ರಾನ್ನ, ಚಪಾತಿ, ಮೊಸರನ್ನ ಕಟ್ಟಿಕೊಂಡರೆ ವುಪಾಟ್ಕಿಯಲ್ಲೂ ಬ್ಯಾಂಡೆಲಿಯರ್‌ನಲ್ಲೂ ಕೂತು ತಿನ್ನಲು ಮೇಜುಗಳಿವೆ. ನ್ಯೂ ಮೆಕ್ಸಿಕೋದ ಹೋಟೆಲುಗಳಲ್ಲಿ ಹಸಿ ಮೆಣಸಿನ ಸಾರು, ಹುರುಳಿಯಂಥ ಬೀನ್ಸ್, ಮೆಕ್ಕೆಜೋಳದ ರೊಟ್ಟಿ ನಮ್ಮ ನಾಲಿಗೆಗೆ ಚೆನ್ನಾಗಿ ಒಗ್ಗುತ್ತವೆ. ಸಸ್ಯಾಹಾರಿಗಳು ಮಾತ್ರ ಬೀನ್ಸ್‌ಗೆ ಹಂದಿ ಕೊಬ್ಬು, ಸಾರಿಗೆ ಮಾಂಸ ಹಾಕಿದ್ದಾರೆಯೇ ಎಂದು ಕೇಳಿಯೇ ತಿನ್ನಬೇಕು.

ನಡವಳಿಕೆಯ ಬಗ್ಗೆ ನಾನು ಯಾವ ರಿಯಾಯಿತಿಯನ್ನೂ ಕೊಡಲಾರೆ. ಗೋಡೆ ಹತ್ತಬಾರದು, ಗೋಡೆಯ ಮೇಲೆ ಮಕ್ಕಳನ್ನು ಕೂರಿಸಿ ಫೋಟೊ ತೆಗೆಯಬಾರದು, ಕೆತ್ತನೆಗಳನ್ನು ಮುಟ್ಟಬಾರದು. ಒಂದು ಮಡಕೆಚೂರನ್ನಾಗಲಿ ಒಂದು ಹಿಡಿ ಲಾವಾ ಹರಳನ್ನಾಗಲಿ ಜೇಬಿಗೆ ಹಾಕುವುದು ಅಪರಾಧ. ಡ್ರೋನ್ ಹಾರಿಸುವಂತಿಲ್ಲ. ಇವು ಯಾರೂ ಇಲ್ಲದ ಪಾಳುಗಳಲ್ಲ, ಹೋಪಿ, ಜೂನಿ, ಆಕೊಮಾ, ಕೋಚಿತಿ ಜನರು ಪ್ರಾರ್ಥನೆಗೆ ಬರುವ ಪೂರ್ವಿಕರ ಮನೆಗಳು. ಈಗಲೂ ಜನರು ವಾಸವಿರುವ ಪುಯೆಬ್ಲೊಗಳಿಗೆ ಹೋಗುವುದಾದರೆ ಅಲ್ಲಿಯ ನಿಯಮಗಳು ಇನ್ನೂ ಬಿಗಿ. ಆಕೊಮಾದ ಬಂಡೆಯ ಮೇಲಿನ ಊರನ್ನು ಅವರದೇ ಮಾರ್ಗದರ್ಶಿಯ ಜೊತೆಗೆ ಮಾತ್ರ ನೋಡಬೇಕು. ಹಬ್ಬದ ದಿನ ಕುಣಿತ ನಡೆಯುತ್ತಿದ್ದರೆ ಫೋನನ್ನು ಚೀಲದಿಂದ ತೆಗೆಯಲೇಬಾರದು.

ನಾಲ್ಕೈದು ದಿನ ಬಿಡುವಿರುವವರು ಅರಿಜೋನಾ, ನ್ಯೂ ಮೆಕ್ಸಿಕೋ ಎರಡನ್ನೂ ಜೋಡಿಸಬಹುದು. ಫ್ಲಾಗ್‌ಸ್ಟಾಫ್‌ನಿಂದ ಆಲ್ಬುಕರ್ಕಿಗೆ 40ನೇ ಹೆದ್ದಾರಿಯಲ್ಲಿ ಸುಮಾರು 325 ಮೈಲಿ. ನಡುವೆ ಪೆಟ್ರಿಫೈಡ್ ಫಾರೆಸ್ಟ್ ಸಿಗುತ್ತದೆ, ಇದು ನಿಜಕ್ಕೂ ನ್ಯಾಷನಲ್ ಪಾರ್ಕೇ. ಅಲ್ಲಿಯ ಮರಗಳು ಕಲ್ಲಾದದ್ದಕ್ಕೂ ಜ್ವಾಲಾಮುಖಿಯ ಬೂದಿಯೇ ಕಾರಣ. ಬೂದಿಯಿಂದ ಕರಗಿದ ಸಿಲಿಕಾ ಮರದೊಳಗೆ ಇಳಿದು ಹರಳುಗಟ್ಟಿತು. ಪ್ವೆರ್ಕೊ ಎಂಬ ಪುಯೆಬ್ಲೊ ಊರಿನ ಉಳಿಕೆಯೂ ಪಾರ್ಕಿನ ರಸ್ತೆಗೆ ಅಂಟಿಕೊಂಡಿದೆ. ಮಾರ್ಚ್‌ನಿಂದ ನವೆಂಬರ್ ಮೊದಲ ದಿನಗಳವರೆಗೆ ನ್ಯೂ ಮೆಕ್ಸಿಕೋದ ಗಡಿಯಾರ ಅರಿಜೋನಾಗಿಂತ ಒಂದು ಗಂಟೆ ಮುಂದಿರುತ್ತದೆ. ಪೂರ್ವಕ್ಕೆ ಹೋಗುವವರು ಆ ಒಂದು ಗಂಟೆಯನ್ನು ಕಳೆದುಕೊಳ್ಳುತ್ತಾರೆ, ಆದ್ದರಿಂದ ಎಲ್ ಮೊರೊವನ್ನು ಅದೇ ದಿನ ನೋಡುವ ಯೋಜನೆ ಬೇಡ. ರಾತ್ರಿ ಗ್ರಾಂಟ್ಸ್‌ನಲ್ಲಿ ತಂಗಿ, ಬೆಳಿಗ್ಗೆ ಅತ್ಸಿನ್ನಾಗೆ ಹತ್ತಿ.